ಕುದುರೆಯ ಮೊಣಕಾಲು

ಕುದುರೆಯ ಮೊಣಕಾಲು ಊದಿತು.

ಇದು ನಾಲ್ಕು ಕಾಲಿನ ಕುದುರೆಯಲ್ಲ, ಬೀದಿಯ ಕೊನೆಯ ಅಂಗಡಿಯ ದರ್ಜಿ. ದಿನಾ ಬೆಳಿಗ್ಗೆ ಐದಕ್ಕೆ ಲೆಕ್ಕದ ಮೇಷ್ಟ್ರು, ಔಷಧಿ ಅಂಗಡಿಯವನು, ಕನ್ನಡಕದ ಅಂಗಡಿಯವನು, ಈ ಮೂವರ ಬಾಗಿಲು ಬಡಿದು, ಹಾಸಿಗೆಯಿಂದ ಎಬ್ಬಿಸಿ ಓಡಿಸುವವನು ಇವನೇ. ಅದಕ್ಕೇ ಬೀದಿಯವರು ಕುದುರೆ ಎಂದು ಹೆಸರಿಟ್ಟಿದ್ದರು. ನಿಜ ಹೇಳಬೇಕೆಂದರೆ ಅವನಿಗೆ ಓಟ ಸಾಕುಸಾಕಾಗಿತ್ತು. ಆದರೆ ಬಿರುದು ಹೊತ್ತವನು ನಿಲ್ಲುವುದು ಹೇಗೆ?

ಡಾಕ್ಟರು ಮೊಣಕಾಲು ಒತ್ತಿ ನೋಡಿದರು. "ಹದಿನೈದು ದಿನ ಓಟ ಬಂದ್. ಮೆತ್ತಗೆ ಯೋಗ ಮಾಡಿ, ಸಾಕು."

ಕುದುರೆ ಮುಖ ಸಪ್ಪಗೆ ಮಾಡಿಕೊಂಡ. ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ. ತೊಡಕು ಇದ್ದದ್ದು ಯೋಗದಲ್ಲಿ. ಹಿಂದೊಮ್ಮೆ ಟೀಚರಮ್ಮನ ಯೋಗದ ತರಗತಿ ಬಿಟ್ಟು ಬರುವಾಗ, "ಮಲಗೋಕೆ ಇಲ್ಲೀತನಕ ಯಾಕಮ್ಮಾ ಬರ್ಬೇಕು? ಮನುಷ್ಯ ಅಂದ್ಮೇಲೆ ಓಡ್ಬೇಕು" ಎಂದು ಎಲ್ಲರೆದುರು ಜಂಬ ಕೊಚ್ಚಿದ್ದ. ಅದೇ ಮಾತು ಹೇಳಿ ಆ ಮೂವರನ್ನೂ ಓಟಕ್ಕೆ ಎಳೆದಿದ್ದ. ಈಗ ಅವರಿಗೆ ಗೊತ್ತಾದರೆ ಮಾನ ಮೂರು ಕಾಸಿಗೆ. ಸಂಜೆ ಯಾರಿಗೂ ತಿಳಿಯದಂತೆ ತರಗತಿಗೆ ಹೋಗಿಬರುತ್ತೇನೆ ಎಂದು ಮನೆಯಲ್ಲಿ ಹೇಳಿದ.

"ಕದ್ದು ಹೋಗೋಕೆ ಅದೇನು ಕಳ್ಳತನವೇನ್ರೀ?" ಎಂದಳು ಹೆಂಡತಿ.

"ನಿಂಗೊತ್ತಾಗಲ್ಲ, ಸುಮ್ನಿರು."

ಮಧ್ಯಾಹ್ನ ಅಂಗಡಿಗೆ ಮೇಷ್ಟ್ರು ಬಂದರು. ಕುದುರೆ ಅರ್ಧ ಹೊಲಿದ ಕೋಟನ್ನು ಮೊಣಕಾಲಿನ ಮೇಲೆ ಎಳೆದುಕೊಂಡ. "ಅತ್ತೆಗೆ ಹುಷಾರಿಲ್ಲ. ಸ್ವಲ್ಪ ದಿನ ಓಡೋಕೆ ಬರಲ್ಲ" ಎಂದರು ಮೇಷ್ಟ್ರು. ಅವರ ಹಿಂದೆಯೇ ಔಷಧಿಯವನು: ಅಂಗಡಿಗೆ ಸರಕು ಬರುವುದಿದೆಯಂತೆ. ಕನ್ನಡಕದವನ ಭಾವ ಮನೆ ಬದಲಾಯಿಸುತ್ತಿದ್ದಾನಂತೆ.

"ಸೋಮಾರಿಗಳಾ! ನನ್ನ ನೋಡಿ ಕಲೀರಿ" ಎಂದು ಕುದುರೆ ಕೂತಲ್ಲಿಂದಲೇ ಗುಡುಗಿದ. ಮೂವರೂ ಹೋದ ಮೇಲೆ ಊದಿದ ಕಾಲನ್ನು ಸ್ಟೂಲಿನ ಮೇಲೆ ಚಾಚಿ ಉಸ್ಸೆಂದ.

ಸಂಜೆ ಯೋಗದ ಚಾಪೆಯನ್ನು ಪರದೆ ಬಟ್ಟೆಯೊಳಗೆ ಸುತ್ತಿ, ಬಟ್ಟೆಯ ಥಾನಿನಂತೆ ಹೆಗಲಿಗೇರಿಸಿ, ಕುಂಟುತ್ತ ಹೊರಟ. ತಿರುವಿನಲ್ಲಿ ಎದುರುಮನೆಯ ಅಜ್ಜಿ ಹಿಡಿದಳು.

"ಎಷ್ಟು ಚೆನ್ನಾಗಿದೆಯಪ್ಪಾ ಬಟ್ಟೆ! ನಮ್ಮ ಕಿಟಕಿಗೂ ಇದರಲ್ಲೇ ಹೊಲ್ಕೊಡು."

"ಇದು ಬೇರೆಯವರದು ಅಜ್ಜಿ."

"ಯಾರದು?"

ಕುದುರೆಗೆ ಬೇರೆ ಹೆಸರು ಹೊಳೆಯಲಿಲ್ಲ. "ಯೋಗದ ಟೀಚರಮ್ಮಂದು."

"ಹಾಗಾದ್ರೆ ನಡಿ, ನಾನೇ ಕೇಳ್ತೀನಿ."

ಅಜ್ಜಿ ಥಾನಿನ ಹಿಂದಿನ ತುದಿ ಹಿಡಿದುಕೊಂಡೇ ಬಂದಳು. ಕದ್ದು ನುಸುಳಬೇಕಿದ್ದ ಕುದುರೆಯ ಪ್ರವೇಶ ಮೆರವಣಿಗೆಯಾಯಿತು. "ಟೀಚರಮ್ಮಾ, ನಿಮ್ಮ ಪರದೆ ಬಟ್ಟೆ ತಂದಿದ್ದಾನೆ ದರ್ಜಿ!" ಎಂದು ಅವಳು ಬಾಗಿಲಲ್ಲೇ ಕೂಗಿ ಜಗ್ಗಿದಳು. ಬಟ್ಟೆ ಅವಳ ಕೈಗೆ ಬಂತು, ಚಾಪೆ ನೆಲಕ್ಕೆ ಬಿದ್ದು ಉದ್ದಕ್ಕೂ ಹಾಸಿಕೊಂಡಿತು.

ಕುದುರೆ ತಲೆಯೆತ್ತಿದ. ಎದುರಿಗೆ ಮೇಷ್ಟ್ರು ಕಾಲೆರಡನ್ನೂ ಗೋಡೆಗೆ ಚಾಚಿ ಮಲಗಿದ್ದರು. ಕನ್ನಡಕದವನು ಬೋರಲು ಬಿದ್ದಿದ್ದ. ಔಷಧಿಯವನು ಅವನ ಬೆನ್ನ ಹಿಂದೆ ಅಡಗಲು ನೋಡುತ್ತಿದ್ದ.

"ಅತ್ತೆ ಹೇಗಿದ್ದಾರೆ ಮೇಷ್ಟ್ರೇ?"

"ಆರಾಮಾಗಿದ್ದಾರೆ. ನಿಮ್ಮ ಕಾಲು ಯಾಕೆ ಕುಂಟ್ತಾ ಇದೆ?"

ಯಾರು ಮೊದಲು ನಕ್ಕರೋ ಗೊತ್ತಿಲ್ಲ. "ನಿಮ್ಮ ಬಾಯಿಗೆ ಹೆದರಿ ಓಡ್ತಿದ್ವಿ ಕಣ್ರೀ!" ಎಂದ ಔಷಧಿಯವನು. "ನೀವೆಲ್ಲ ಓಡ್ತೀರಲ್ಲ ಅಂತ ನಾನು ಓಡ್ತಿದ್ದೆನಲ್ರೋ!" ಎಂದ ಕುದುರೆ, ಡಾಕ್ಟರು ಹದಿನೈದು ದಿನ ಓಟ ಬಿಡಿಸಿದ್ದನ್ನೂ ಬಾಯಿಬಿಟ್ಟ. ಎಷ್ಟೋ ಕಾಲದ ಭಾರ ಇಳಿದಂತಾಗಿ ಅವನ ಕಣ್ಣಲ್ಲಿ ನೀರೇ ಬಂತು.

ಕೊನೆಗೆ ಶವಾಸನ. ಕೈಕಾಲು ಸಡಿಲಬಿಟ್ಟು ಮಲಗಿದಾಗ ಬದುಕಿನಲ್ಲಿ ಇದಕ್ಕಿಂತ ಸುಖವಿಲ್ಲ ಎನಿಸಿತು. ಟೀಚರಮ್ಮ ಬಂದು ಪಕ್ಕದಲ್ಲಿ ಕೂತರು.

"ಅವತ್ತು ನೀವು ಹೇಳಿದ ಮಾತು ಇನ್ನೂ ನನ್ನ ಮನಸ್ಸಲ್ಲೇ ಇದೆ."

"ತಪ್ಪಾಯ್ತಮ್ಮಾ."

"ತಪ್ಪೇನು ಬಂತು? ನಿಜಾನೇ ಹೇಳಿದ್ರಿ. ಮಲಗಿಸಿ ಮಲಗಿಸಿ ನನಗೂ ಸಾಕಾಗಿದೆ. ದಿನಾ ಬೆಳಿಗ್ಗೆ ಕಿಟಕೀಲಿ ನಿಮ್ಮ ಓಟ ನೋಡಿ ಆಸೆಪಡ್ತೀನಿ. ಹದಿನೈದು ದಿನ ಕಾಲಿಗೆ ವಿಶ್ರಾಂತಿ ಕೊಡಿ. ಆಮೇಲೆ ನನಗೆ ಓಡೋದು ಕಲಿಸಿ."

ಕುದುರೆ ಗಾಬರಿಯಿಂದ ಪಕ್ಕಕ್ಕೆ ತಿರುಗಿದ. ಈಗಷ್ಟೇ ಪಿಸುಗುಡುತ್ತಿದ್ದ ಮೂವರೂ ಗೊರಕೆ ಹೊಡೆಯುತ್ತಿದ್ದರು.

"ಬೆಳಿಗ್ಗೆ ನನಗೆ ಎಚ್ಚರ ಆಗದೇ ಹೋದ್ರೆ?"

"ಅದಕ್ಯಾಕೆ ಚಿಂತೆ? ಐದು ಗಂಟೆಗೆ ನಾನೇ ಬಂದು ಬಾಗಿಲು ಬಡೀತೀನಿ."

ಹೇಗೂ ಇನ್ನೂ ಹದಿನೈದು ದಿನವಿದೆಯಲ್ಲ ಎಂದುಕೊಂಡು, ಕುದುರೆ ಕಣ್ಣು ಮುಚ್ಚಿ ಎಲ್ಲರಿಗಿಂತ ಜೋರಾಗಿ ಗೊರಕೆ ಹೊಡೆದ.