ಅವರೆಕಾಳಿನ ವಿಮೋಚನಾ ಯಂತ್ರ

ಭೈರೇಶ್ ತನ್ನ ಹೊಸ ಕೋರ್ಸಿನ ಅಭಿನವ್ ಮೇಷ್ಟ್ರನ್ನು ಮೊದಲು ಕಂಡದ್ದು ಬೆಂಗಳೂರಿನ ವಿಜಯನಗರದ ಸೀರೆ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ, ಒಂದು ಶನಿವಾರ ಬೆಳಿಗ್ಗೆ. ಮೇಷ್ಟ್ರು ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು ಬರಿಗಾಲಲ್ಲಿ ಒಳಗೆ ಬಂದರು. ಬಾಟಲಿಯ ಮುಚ್ಚಳಕ್ಕೆ ನೀರು ಬಗ್ಗಿಸಿಕೊಂಡು ಕುಡಿದರು. ಆಮೇಲೆ ಮುಂದಿನ ಸಾಲಿನಲ್ಲಿದ್ದ ಭೈರೇಶನನ್ನು ನೋಡಿ, "ನಿಮ್ಮ ಮನೇಲಿ ಯಾರಿಗೆ ಏನು ಕಷ್ಟ?" ಎಂದು ಕೇಳಿದರು.

ಭೈರೇಶ್ ಎದ್ದು ನಿಂತ. ಕುಣಿಗಲ್ ಕಡೆಯ ಹಳ್ಳಿ ಶಾಲೆಯಲ್ಲಿ ಅಂಟಿದ ಅಭ್ಯಾಸ; ಮನೆತನಕ್ಕೇ ಮೊದಲ ಡಿಗ್ರಿ ತಂದರೂ ಬಿಟ್ಟಿರಲಿಲ್ಲ. "ಎಲ್ಲರಿಗೂ ನಾನೇ ಕಷ್ಟ ಅಂತಾರೆ ಸಾರ್," ಎಂದ. ಕ್ಲಾಸು ನಕ್ಕಿತು. ಮೇಷ್ಟ್ರು ನಗಲಿಲ್ಲ.

ಅವರು ಕಲಿಸುತ್ತಿದ್ದ ವಿದ್ಯೆಯ ಹೆಸರು ಪ್ರಾಡಕ್ಟ್ ಮ್ಯಾನೇಜ್‌ಮೆಂಟ್. ಜನರ ಕಷ್ಟ ಹುಡುಕಬೇಕು, ಅದನ್ನು ತೆಗೆಯುವ ವಸ್ತು ಮಾಡಬೇಕು, ಬಳಸಿದವರ ಬಾಯಲ್ಲೇ ಸೈ ಎನ್ನಿಸಿಕೊಳ್ಳಬೇಕು. ಕೊನೆಯ ಪರೀಕ್ಷೆಯೂ ಅದೇ: ಮೇಷ್ಟ್ರು ವಿಡಿಯೊ ಕಾಲ್‌ನಲ್ಲಿ ಬಳಕೆದಾರರನ್ನೇ ಮಾತಾಡಿಸುತ್ತಾರೆ. ಪಾಸಾದರೆ ಭೈರೇಶನಿಗೆ ಸಾಫ್ಟ್‌ವೇರ್ ಆಫೀಸಿನಲ್ಲಿ ತಪ್ಪು ಹುಡುಕುವ ಟೆಸ್ಟರ್ ಕುರ್ಚಿಯಿಂದ ಮ್ಯಾನೇಜರ್ ಕುರ್ಚಿಗೆ ಪಟ್ಟಾಭಿಷೇಕ.

ಕಷ್ಟ ಹುಡುಕಲು ಅವನು ದೂರ ಹೋಗಬೇಕಾಗಲಿಲ್ಲ. ಅವರೆಕಾಯಿ ಕಾಲ. ಪ್ರತಿ ಭಾನುವಾರ ತಾಯಿ ಪಾಪಮ್ಮ, ಹೆಂಡತಿ ರಾಗಿಣಿ, ಎದುರು ಮನೆಯ ಕುಸುಮಾ, ಮಹಡಿಯಲ್ಲಿ ಬಾಡಿಗೆಗಿದ್ದ ಬಾಗಲಕೋಟೆ ಕಡೆಯ ದುರ್ಗವ್ವ, ಎಲ್ಲರೂ ನೆನೆಸಿದ ಕಾಳಿನ ಬೇಸಿನ್ ಸುತ್ತ ಕೂತು ಒಂದೊಂದೇ ಕಾಳು ಹಿತುಕಿ ಸಿಪ್ಪೆ ತೆಗೆಯುತ್ತಿದ್ದರು. (ಭೈರೇಶನನ್ನೂ ಕೂರಿಸುತ್ತಿದ್ದರು. ಅವನು ಹಿತುಕಿದ ಕಾಳು ಟಿವಿಯ ಹಿಂದೆ ಹೋಗಿ ಬೀಳುತ್ತಿತ್ತು.)

"ಅವ್ವಾ, ಇದನ್ನ ಹಿತ್ಕೋವಾಗ ನಿಂಗೆ ಏನನ್ಸುತ್ತೆ?" ಎಂದು ಭೈರೇಶ್ ಸಂದರ್ಶನ ಆರಂಭಿಸಿದ.

"ನಿನ್ನ ಕತ್ತು ಅನ್ಸುತ್ತೆ. ಸುಮ್ನೆ ಕೂತು ಹಿತುಕು."

"ಬೆರಳು ನೋಯಲ್ವಾ?"

"ನೋಯ್ದೆ ಇನ್ನೇನು ಮಾಡುತ್ತೆ?"

ಅಷ್ಟು ಸಾಕಾಯಿತು. ಪರೀಕ್ಷೆಯ ಭಾನುವಾರ ಅವನು ನೆನೆದ ಕಾಳನ್ನೆಲ್ಲ ತರಕಾರಿಯ ಬಲೆಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ವಾಷಿಂಗ್ ಮಷೀನಿಗೆ ಹಾಕಿ, ರೇಷ್ಮೆ ಸೀರೆ ಒಗೆಯುವ ಗುಂಡಿ ಒತ್ತಿದ. (ಸೋಪಿನಪುಡಿ ಹಾಕಲಿಲ್ಲ. ಅಷ್ಟು ವಿವೇಕ ಅವನಿಗಿತ್ತು.) ಆಶ್ಚರ್ಯವೆಂದರೆ, ಬೇಳೆ ಬೆಳ್ಳಗೆ ನುಣ್ಣಗೆ ಹೊರಬಂತು.

ಹೆಂಗಸರು ಬಂದು ಕೂತರು. ಕೈಗೆ ಕೆಲಸವಿಲ್ಲ. ಇಷ್ಟು ದಿನ ಪಾಪಮ್ಮ ಸೊಸೆಯ ಮೇಲಿನ ದೂರನ್ನು ತಲೆ ತಗ್ಗಿಸಿ ಕಾಳಿಗೆ ಹೇಳುತ್ತಿದ್ದರು; ರಾಗಿಣಿ ಉತ್ತರವನ್ನೂ ಕಾಳಿಗೇ ಕೊಡುತ್ತಿದ್ದಳು. ಈಗ ನೇರ ಮುಖವೇ ಎದುರಾಗಿ ಇಬ್ಬರೂ ಬಾಯಿ ಮುಚ್ಚಿದರು.

"ಕೈಯಾಗ ಏನೂ ಇಲ್ಲಂದ್ರ ಹೆಂಗ ಮಾತಾಡೂದ್ರಿ?" ಎಂದಳು ದುರ್ಗವ್ವ. "ಬ್ಯಾಂಕಿನ್ಯಾಗ ಕುಂತಂಗ ಆಗೇತಿ."

ನೋಡಲು ಬೇರೇನೂ ಇಲ್ಲದೆ ಎಲ್ಲರ ಕಣ್ಣೂ ಭೈರೇಶನ ಮೇಲೆ ನೆಟ್ಟವು.

"ನಿಮ್ಮ ಯಜಮಾನ್ರ ಮೀಸೆ ಒಂದು ಕಡೆ ಜಾಸ್ತಿ ಇದೆ ಅಲ್ವಾ ರಾಗಿಣಿ?" ಎಂದಳು ಕುಸುಮಾ.

"ಹೌದು ಕಣ್ರೀ. ನಾನೂ ಇವತ್ತೇ ನೋಡಿದ್ದು."

"ಹುಟ್ಟಿದಾಗ್ಲೂ ಹಂಗೇ ಇತ್ತು," ಎಂದರು ಪಾಪಮ್ಮ.

ಅಷ್ಟರಲ್ಲಿ ಮೇಷ್ಟ್ರ ಕಾಲ್ ಬಂತು. "ಬೇಳೆ ಚೆನ್ನಾಗಿದೆಯಾ ಅಮ್ಮ?"

"ಚೆನ್ನಾಗೈತೆ ಸ್ವಾಮಿ," ಎಂದರು ಪಾಪಮ್ಮ.

"ಮುಂದಿನ ವಾರಾನೂ ಹೀಗೇ ಮಾಡ್ತೀರಾ?"

"ಬ್ಯಾಡಪ್ಪ. ಎಲ್ಲಾ ಮಿಷನ್ನೇ ಹಿತುಕಿದ್ರೆ ನಾವು ಯಾವ ನೆಪಕ್ಕೆ ಸೇರೋದು?"

ಕುಸುಮಾ, ದುರ್ಗವ್ವ ತಲೆಯಾಡಿಸಿದರು. ಮೇಷ್ಟ್ರು, "ಹಾಗಾದ್ರೆ ನೀವು ತೆಗೆದಿದ್ದು ಯಾರ ಕಷ್ಟ ಭೈರೇಶ್?" ಎಂದರು.

ಭೈರೇಶ್ ಬಾಯಿ ತೆರೆಯುವ ಮೊದಲೇ ರಾಗಿಣಿ ಉತ್ತರ ಕೊಟ್ಟಳು. "ಇವರದೇ ಸಾರ್. ಹಿತ್ಕೋಕೆ ಅಳ್ತಾ ಇದ್ದಿದ್ದು ಇವರೊಬ್ಬರೇ."

"ಸರಿ," ಎಂದರು ಮೇಷ್ಟ್ರು. "ಬಳಕೆದಾರ ಒಬ್ಬನೇ, ಅವನೂ ಮಾಡಿದವನೇ. ಸರ್ಟಿಫಿಕೇಟ್ ಕೊಡೋಕಾಗಲ್ಲ." ಕಾಲ್ ಕಟ್ಟಾಯಿತು.

ಆಗ ಬಚ್ಚಲ ಕಡೆಯಿಂದ ಗೊರಗೊರ ಸದ್ದು ಕೇಳಿತು. ಬೇಳೆ ತೆಗೆದ ಮೇಲೆ ತೊಳೆಯಲೆಂದು ಭೈರೇಶ್ ತಿರುಗಲು ಬಿಟ್ಟಿದ್ದ ವಾಷಿಂಗ್ ಮಷೀನಿನ ಪೈಪಿಗೆ, ಬಲೆಯ ಕಣ್ಣುಗಳಿಂದ ನುಸುಳಿದ ಸಿಪ್ಪೆಯೆಲ್ಲ ಇಳಿದು ಕಟ್ಟಿಕೊಂಡು, ನೀರು ನಡುಮನೆಗೆ ಬರುತ್ತಿತ್ತು. ನೋಡಲು ಬಂದ ಮೆಕ್ಯಾನಿಕ್ ಒಳಗೆ ಕೈ ಹಾಕಿ ವಾಸನೆ ನೋಡಿ, "ಮೋಟರ್ ಹೋಗಿದೆ ಸಾರ್. ಇದೇನು, ಒಗ್ಗರಣೆ ಒಂದು ಬಾಕಿ ಇತ್ತಾ?" ಎಂದ.

ಭೈರೇಶ್ ಈಗಲೂ ಟೆಸ್ಟರ್ ಆಗಿಯೇ ಇದ್ದಾನೆ. ಭಾನುವಾರ ಬೆಳಿಗ್ಗೆ ಮನೆಮಂದಿಯ ಬಟ್ಟೆಯನ್ನೆಲ್ಲ ಕಲ್ಲಿನ ಮೇಲೆ ಒಗೆದು ಹರವಿ, ಆಮೇಲೆ ಬಂದು ಅವರೆಕಾಳು ಹಿತುಕುತ್ತಾನೆ.