ಪೊಟ್ಟಣಕ್ಕೆ ಬೇಕಾದ ರೋಗಿ

ಚಿತ್ರದಲ್ಲಿದ್ದ ರೋಗಿ ನಗುತ್ತಿದ್ದದ್ದೇ ಎಲ್ಲ ಅನರ್ಥಕ್ಕೂ ಮೂಲ. ಹೊರದೇಶದಿಂದ ತರಿಸಿದ ಸಿಗರೇಟು ಪೊಟ್ಟಣಗಳ ಮೇಲೆ ಆರೋಗ್ಯದ ಎಚ್ಚರಿಕೆಯೆಂದು ಅಂಟಿಸಲು ಗೋದಾಮಿನ ಯಜಮಾನರು ಅಗ್ಗಕ್ಕೆ ಅಚ್ಚು ಹಾಕಿಸಿದ್ದ ಚೀಟಿಯಲ್ಲಿ ಆ ಮನುಷ್ಯ ಮದುಮಗನಂತೆ ಕಳೆಕಳೆಯಾಗಿದ್ದ.

"ಇದನ್ನ ನೋಡಿದ್ರೆ ಸೇದದವನೂ ಸೇದ್ತಾನೆ," ಎಂದರು ತಪಾಸಣೆಗೆ ಬಂದ ಅಧಿಕಾರಿ. "ಸಂಜೆಯೊಳಗೆ ಹೆದರಿಕೆ ಆಗೋಂಥ ಚಿತ್ರ ತೋರಿಸಿ. ಇಲ್ದಿದ್ರೆ ಮಾಲೆಲ್ಲ ಸುಡಿಸ್ತೀನಿ."

"ಸುಡೋದಕ್ಕೇ ಅಲ್ವಾ ಸಾರ್ ತರಿಸಿರೋದು?" ಎಂದು ಚೀಟಿ ಅಂಟಿಸುವ ಪೈಲ್ವಾನ ಬಾಯಿ ಹಾಕಿದ. ಊದಿದರೆ ಹಾರಿಹೋಗುವಂತಿದ್ದ ಅವನಿಗೆ ಗೋದಾಮಿನವರೆಲ್ಲ ಸೇರಿ ಇಟ್ಟ ಹೆಸರದು.

ಯಜಮಾನರು ಉರಿದುಬಿದ್ದರು. "ಮಾಲು ಸುಟ್ಟರೆ ನಾಳೆಯಿಂದ ನೀನು ಮನೇಲೇ ಇರು!"

ಮನೆಯಲ್ಲಿ ಹಸಿ ಬಾಣಂತಿ ಹೆಂಡತಿ, ಅವಳ ಕಾವಲಿಗೆ ಅತ್ತೆ. ಪೈಲ್ವಾನ ನಾಲಿಗೆ ಕಚ್ಚಿಕೊಂಡ. ಆದರೇನು, ಮಾತು ಆಡಿದರೆ ಹೋಯಿತು.

ಅಧಿಕಾರಿ ಕುರ್ಚಿ ಎಳೆದುಕೊಂಡು ಅಲ್ಲೇ ಕೂತರು. ಆಗ ಗುಮಾಸ್ತನಿಗೆ ಹೊಳೆಯಿತು. "ಯಜಮಾನ್ರೇ, ರೋಗಿಯನ್ನ ಹೊರಗೆ ಯಾಕೆ ಹುಡುಕ್ಬೇಕು? ಇವನ ಮುಖ ನೋಡಿ!"

ಪ್ಯಾಕಿಂಗ್ ಅಕ್ಕ ಪೈಲ್ವಾನನ ಕೆನ್ನೆಗೆ ಮಸಿ ಬಳಿದು ತಲೆ ಕೆದರಿದಳು. ಗುಮಾಸ್ತ ಫೋಟೊ ತೆಗೆದ. ಅದನ್ನು ನೋಡಿ ಅಧಿಕಾರಿಯೇ ಬೆಚ್ಚಿದರು.

"ಭೇಷ್! ಆದರೆ ನಿಜವಾದ ರೋಗಿ ಅಂತ ಡಾಕ್ಟರು ಹೇಳ್ಬೇಕು. ನಿಯಮ."

ಡಾಕ್ಟರು ಯಜಮಾನರ ಭಾವಮೈದ. ಸುಳ್ಳು ಹೇಳಲು ಒಪ್ಪಿಕೊಂಡೇ, ನೆಪಕ್ಕೊಂದು ಎಕ್ಸ್‌ರೇ ತೆಗೆದರು. ಬೆಳಕಿಗೆ ಹಿಡಿದು ನೋಡಿದವರು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

"ಭಾವ, ನಾನು ಸುಳ್ಳು ಹೇಳಬೇಕಾಗಿಲ್ಲ. ಇವನ ಶ್ವಾಸಕೋಶ ಮುಗಿದೇ ಹೋಗಿದೆ."

ಯಜಮಾನರು ಪೈಲ್ವಾನನನ್ನು ಬಾಚಿ ತಬ್ಬಿಕೊಂಡರು. "ಮಾನ ಉಳಿಸಿದೆ ಕಣಪ್ಪಾ!" ಪೈಲ್ವಾನನಿಗೆ ಭಯಕ್ಕೆ ಅಳು ಬಂತು. ಅಳುವಿನ ನಡುವೆಯೇ, ಸದ್ಯ ಕೆಲಸ ಉಳಿಯಿತಲ್ಲ ಎಂದು ಸಮಾಧಾನವೂ ಆಯಿತು.

ಗೋದಾಮಿಗೆ ಮರಳಿ ಸುದ್ದಿ ಹೇಳಿದಾಗ ಅಧಿಕಾರಿ ಒಪ್ಪಿಗೆಯ ಠಸ್ಸೆ ಎತ್ತಿದರು. ಅಷ್ಟರಲ್ಲಿ ಪ್ಯಾಕಿಂಗ್ ಅಕ್ಕ ಎದೆ ಬಡಿದುಕೊಂಡಳು.

"ಯಾರ ಕಣ್ಣು ಬಿತ್ತೋ! ಚಿನ್ನದಂಥ ಹುಡುಗ ಸಾರ್! ಒಂದು ದಿನಾನೂ ಸಿಗರೇಟು ಬಾಯಿಗಿಟ್ಟವನಲ್ಲ. ಈ ಗೋದಾಮಿನ ಧೂಳು ಕುಡಿದೇ ಹೀಗಾಗಿದ್ದಾನೆ!"

ಠಸ್ಸೆ ಗಾಳಿಯಲ್ಲೇ ನಿಂತಿತು. "ಸೇದೋದಿಲ್ವಾ? ಹಾಗಾದ್ರೆ ಜನರಿಗೆ ಮೋಸ ಮಾಡಿದ ಹಾಗಾಗುತ್ತೆ. ಧೂಳಿನ ರೋಗಿಯನ್ನ ಧೂಳಿನ ಪೊಟ್ಟಣಕ್ಕೆ ಅಂಟಿಸಿಕೊಳ್ಳಿ."

ಸಂಜೆ ಮಾಲಿಗೆ ಬೆಂಕಿ ಬಿತ್ತು. ಯಜಮಾನರು ಪೈಲ್ವಾನನ ಕೊರಳಪಟ್ಟಿ ಹಿಡಿದರು. "ಕಣ್ಣೆದುರಿಗೇ ರಾಶಿ ರಾಶಿ ಬಿದ್ದಿತ್ತಲ್ಲೋ! ಇಷ್ಟು ವರ್ಷದಲ್ಲಿ ಒಂದನ್ನಾದ್ರೂ ಸೇದೋಕೆ ಏನಾಗಿತ್ತು ನಿನಗೆ? ನಾಳೆಯಿಂದ ಬರಬೇಡ."

ಪೈಲ್ವಾನ ಸಾಕಾಗುವಷ್ಟು ಕೆಮ್ಮಿದ. ಆಮೇಲೆ ತಲೆ ತಗ್ಗಿಸಿ, "ತಪ್ಪಾಯ್ತು ಯಜಮಾನ್ರೇ," ಎಂದ.