ಕೋಮಾ, ಸೆನ್ಯೋರಾ!

ಒಂದು ಭಾಷೆಯನ್ನು ಒಂದೇ ತಿಂಗಳಲ್ಲಿ ಮಣಿಸುವುದು ವಿಜ್ಞಾನ ಓದಿದವನಿಗೆ ಯಾವ ದೊಡ್ಡ ಕೆಲಸ! ನಾನು ಭೌತಶಾಸ್ತ್ರದ ಮೇಷ್ಟ್ರು. ಪ್ರಯೋಗಕ್ಕೆ ಬೇಕಾದಷ್ಟೇ ಸಾಮಗ್ರಿ ಎತ್ತಿಕೊಳ್ಳುವವನು. ಅತಿಥಿಗಳಿಗೆ ನಾವು ಹೇಳುವುದೆಲ್ಲ ಆಜ್ಞೆಗಳೇ ತಾನೆ? ಬನ್ನಿ, ಕೂತುಕೊಳ್ಳಿ, ಉಣ್ಣಿ, ಕುಡಿಯಿರಿ! ಹಾಗಾಗಿ ಸ್ಪ್ಯಾನಿಷ್‌ನಲ್ಲಿ ಆಜ್ಞೆಗಳನ್ನಷ್ಟೇ ಕಲಿಯುವುದೆಂದು ಅಂಕೋಲೆಯ ನಮ್ಮ ಮನೆಯ ಜಗಲಿಯಲ್ಲಿ ಘೋಷಿಸಿದೆ.

ಬರಲಿದ್ದವರು ಸ್ಪೇನಿನ ಸೆನ್ಯೋರಾ ಪಿಲಾರ್, ಅಂದರೆ ಶ್ರೀಮತಿ ಪಿಲಾರ್. ನನ್ನ ಹೆಂಡತಿ ಭಾರತಿಯ ತಮ್ಮ ರೂಪೇಶ ಪ್ರವಾಸಿ ಹಡಗೊಂದರ ಅಡುಗೆಮನೆಯಲ್ಲಿದ್ದಾನೆ. ಆ ಅಡುಗೆಮನೆಯ ಸಾಮ್ರಾಜ್ಞಿ ಈಕೆ. ರಜೆಗೆ ಗೋವಾಕ್ಕೆ ಬರಲಿದ್ದವರು ನಮ್ಮಲ್ಲಿ ಊಟಕ್ಕೆ ಒಪ್ಪಿದ್ದರು. ರೂಪೇಶನ ಬಡ್ತಿ ಅವರ ಕೈಯಲ್ಲಿತ್ತು.

"ಅವ್ರಿಗೆ ಇಂಗ್ಲಿಷ್ ಬರ್ತದಂತಲ್ಲ, ಮತ್ತೆ ನಿಮ್ದೆಂತಕ್ಕೆ ಈ ಸರ್ಕಸ್ಸು?" ಎಂದಳು ಭಾರತಿ.

"ತಮ್ಮ ಭಾಷೆ ಕೇಳಿದ್ರೆ ಮನಸ್ಸು ಕರಗ್ತದೆ! ನೋಡು, ಉಣ್ಣು ಅಂದ್ರೆ ಕೋಮೆ. ಉಣ್ಣಿ ಅಂದ್ರೆ ಕೋಮಾ."

"ಊಟಕ್ಕೆ ಕರ್ದು ಕೋಮಾ ಅಂತ್ರಾ? ನನ್ನ ತಮ್ಮನ ಅನ್ನಕ್ಕೆ ಕಲ್ಲು ಹಾಕ್ಬೇಡಿ ಮಾರಾಯ್ರೆ!"

ಅಭ್ಯಾಸ ಶುರುವಾಯಿತು. ಏಕವಚನಕ್ಕೆ ಹೆಂಡತಿ, ಬಹುವಚನಕ್ಕೆ ಗೋಡೆಯ ಕ್ಯಾಲೆಂಡರು.

"ಕ್ಯಾಲೆಂಡರಿಗೆ ಮರ್ಯಾದೆ, ನಂಗೆ ಮಾತ್ರ ಬಾ, ತಾ?" ಎಂದು ಕೇಳಿದ ಭಾರತಿ, ಎರಡು ದಿನ ಮೀನೇ ಮಾಡಲಿಲ್ಲ. ವಿಜ್ಞಾನಕ್ಕಾಗಿ ಯಾರ್ಯಾರೋ ಏನೇನೋ ಸಹಿಸಿದ್ದಾರೆ. ನಾನು ತಿಳಿಸಾರು ಸಹಿಸಿದೆ.

ಆ ದಿನ ಬಂತು. "ಪಾಸೆ! ಸಿಯೆಂತೆಸೆ!" ಎಂದು ಬರಮಾಡಿಕೊಂಡು ಕೂರಿಸಿದೆ. ಸೆನ್ಯೋರಾ ಅರಳಿದರು! ಕರಿದ ಇಸ್ವಾಣ ಮೀನು, ಶೆಟ್ಲಿ ಎಂಬ ಸಿಗಡಿಯ ಸುಕ್ಕ, ಬಂಗಡೆ ಸಾರು. "ಕೋಮಾ!" ಎಂದೆ. ಅವರು ತಟ್ಟೆ ಫಳಫಳ ಹೊಳೆಯುವಂತೆ ಉಂಡರು.

ನಮ್ಮ ಕಡೆ ತಟ್ಟೆ ಖಾಲಿಯಾಯಿತೆಂದರೆ ಹಸಿವು ತೀರಿಲ್ಲವೆಂದೇ ಅರ್ಥ; ಬಡಿಸಲೇಬೇಕು. ಅವರ ಪದ್ಧತಿಯಲ್ಲಿ ತಟ್ಟೆಯಲ್ಲಿ ಬಿಡುವುದು ಅಡುಗೆ ಮಾಡಿದವರಿಗೆ ಅವಮಾನ, ಮುಗಿಸಲೇಬೇಕು. ನಾವು ಬಡಿಸಿದೆವು, ಅವರು ಮುಗಿಸಿದರು. ಅವರು ಮುಗಿಸಿದರು, ನಾವು ಬಡಿಸಿದೆವು. ನಿಲ್ಲದೆ ತಿರುಗುವ ಯಂತ್ರ ಅಸಾಧ್ಯವೆಂದು ಮಕ್ಕಳಿಗೆ ಕಲಿಸಿದವನು ನಾನು!

ಅಡುಗೆಮನೆ ಬಾಗಿಲಲ್ಲಿ ಭಾರತಿ ಪಿಸುಗುಟ್ಟಿದಳು. "ಹೋಯ್, ಇಸ್ವಾಣ ಮುಗೀತು."

"ಬಂಗಡೆ ತಾ."

"ಅದೂ ಮುಗೀತು! ಅವ್ರ ಮುಖ ನೋಡಿ, ಉಸಿರು ಬಿಡುಕೆ ಆಗುದಿಲ್ಲ. ಸಾಕು ಮಾಡಿ ಅನ್ನಿ!"

ಸಾಕು ಮಾಡಿ? ಅತಿಥಿಗೆ ಹೇಳುವ ಮಾತೇ ಅಲ್ಲವೆಂದು ಅದನ್ನು ಕಲಿತೇ ಇರಲಿಲ್ಲ! ಇಂಗ್ಲಿಷ್‌ನಲ್ಲಿ ಹೇಳಬಹುದಿತ್ತು, ಆದರೆ ತಿಂಗಳ ತಪಸ್ಸಿನ ಗತಿ? ಬಾಯಿಂದ ಬಂದದ್ದು ಮತ್ತದೇ: "ಕೋಮಾ, ಸೆನ್ಯೋರಾ!"

ಸೆನ್ಯೋರಾ ಹೊಟ್ಟೆ ಹಿಡಿದು ಎದ್ದರು. ತಟ್ಟೆಯೊಂದಿಗೆ ನೇರ ಅಡುಗೆಮನೆಗೆ ನಡೆದು, ಒಂದೊಂದೇ ಪಾತ್ರೆಯ ಮುಚ್ಚಳ ತೆಗೆದರು. ಎಲ್ಲ ಖಾಲಿ. "ನಿಮ್ಮ ಊಟ?" ಎಂದು ಭಾರತಿಯನ್ನು ಇಂಗ್ಲಿಷ್‌ನಲ್ಲಿ ಕೇಳಿದರು. ಅತಿಥಿ ಎದ್ದ ಮೇಲೆ ತಾನೇ ಮನೆಯಾಕೆ ಉಣ್ಣುವುದು? ಭಾರತಿ ನಕ್ಕು ತಲೆ ತಗ್ಗಿಸಿದಳು. ಸೆನ್ಯೋರಾರ ಮುಖ ಕಪ್ಪಿಟ್ಟಿತು. ಮುಗಿಯಿತು, ರೂಪೇಶನ ಬಡ್ತಿ ಸಮುದ್ರದ ಪಾಲು!

ಸೆನ್ಯೋರಾ ಕುರ್ಚಿ ಎಳೆದು, "ಸಿಯೆಂತೆಸೆ, ಸೆನ್ಯೋರಾ" ಎಂದು ಭಾರತಿಯನ್ನು ಬಹುವಚನದಲ್ಲೇ ಕೂರಿಸಿದರು. ನನ್ನತ್ತ ತಿರುಗಿದರು.

"ಬೆನ್!" ಬಾ. ಹೋದೆ.

"ತ್ರಾಯೆ!" ತಾ. ಮೊಟ್ಟೆ, ಆಲೂಗಡ್ಡೆ, ಈರುಳ್ಳಿ ತಂದೆ.

"ಲಾಬಾ!" ತೊಳೆ. ಎದುರಿಗೆ ಪಾತ್ರೆಗಳ ಗುಡ್ಡ! ಶುದ್ಧ ಏಕವಚನ, ಒಂದು ಪದವೂ ಅರ್ಥವಾಗದೆ ಉಳಿಯಲಿಲ್ಲ.

ಸೆನ್ಯೋರಾ ಸೊಗಸಾದ ಮೊಟ್ಟೆಯ ದೋಸೆ ಮಾಡಿ, "ಕೋಮಾ!" ಎಂದು ಎದುರು ಕೂತು ಉಣಿಸಿದರು. ಭಾರತಿ ಅಷ್ಟು ಹೊತ್ತು ಕೂತು ಉಂಡದ್ದನ್ನು ನಾನು ಅಂದೇ ನೋಡಿದ್ದು.

ಮುಂದಿನ ವಾರ ರೂಪೇಶನ ಫೋನು. "ಭಾವಾ, ಬಡ್ತಿ ಸಿಕ್ತು! ನಿನ್ನ ಅಕ್ಕನ ಕೈರುಚಿ ನಿಂಗೂ ಬಂದದೆ ಅಂದ್ರು!"

"ಬಹಳ ಖುಷಿ! ಮತ್ತೆ, ನನ್ನ ಸ್ಪ್ಯಾನಿಷ್ ಬಗ್ಗೆ ಎಂತದಾದ್ರೂ ಅಂದ್ರಾ?"

"ಅದೆಲ್ಲ ಇಲ್ಲ ಭಾವಾ. ಪಾತ್ರೆ ಚೊಕ್ಕ ತೊಳೀತಾರೆ, ಹಡಗಲ್ಲಿ ಒಂದು ಜಾಗ ಖಾಲಿ ಅದೆ, ಬರ್ತಾರಾ ಕೇಳು ಅಂದ್ರು!"